ತಿಥಿಯಿಲ್ಲದೆ ಬಂದವರು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕಡೆಯದು ಅತಿಥಿಸಂವಿಭಾಗ. ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ ಎಂದು ಬಾಲ್ಯದಲ್ಲಿ ಪಾಠ ಒಪ್ಪಿಸುವಾಗ ಈ ಹನ್ನೆರಡನೆಯ ಹೆಸರು ಬಂದೊಡನೆ ಪಾಠ ಮುಗಿಯಿತೆಂಬ ಸಂತೋಷವಾಗುತ್ತಿತ್ತು. ಕಡೆಯದಾದ್ದರಿಂದಲೋ ಏನೋ, ಎಲ್ಲಕ್ಕಿಂತ ಸುಲಭವಾದ ವ್ರತವೂ ಇದೇ ಎಂದು ನಾನು ಬಹುಕಾಲ ತಿಳಿದಿದ್ದೆ. ಮುನಿಸಂಘವು ಊರಿಗೆ ದಯಮಾಡಿಸುವ ದಿನ ಮೊದಲೇ ತಿಳಿದಿರುತ್ತದೆ. ಮನೆಯನ್ನು ಶುದ್ಧಿ ಮಾಡಿ, ನೀರು ಸೋಸಿ, ಮಡಿಯುಟ್ಟು ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುತ್ತೇವೆ. ಯಾರ ಮನೆಯ ಮುಂದೆ ಮುನಿಗಳು ನಿಲ್ಲುವರೆಂಬುದು ಅವರ ಸಂಕಲ್ಪಕ್ಕೆ ಬಿಟ್ಟದ್ದಾದರೂ ನಮ್ಮ ಸಿದ್ಧತೆಗೆ ದಿನ, ಹೊತ್ತು ಎರಡೂ ಗೊತ್ತಿರುತ್ತವೆ. ಇಷ್ಟನ್ನು ಮಾಡಿ ವ್ರತ ನಡೆಸಿದೆನೆಂಬ ತೃಪ್ತಿಯಲ್ಲಿ ನಾನಿದ್ದೆ.

ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅತಿಥಿ ಎಂಬ ಶಬ್ದಕ್ಕೆ ಎರಡು ಅರ್ಥ ಹೇಳಿದ್ದಾರೆ. ಸಂಯಮಕ್ಕೆ ಭಂಗ ಬಾರದಂತೆ ಸಂಚರಿಸುವವನು ಅತಿಥಿ ಎಂಬುದು ಮೊದಲನೆಯದು. ಯಾವನಿಗೆ ತಿಥಿಯಿಲ್ಲವೋ, ಅಂದರೆ ಯಾವನ ಬರವಿಗೆ ಗೊತ್ತಾದ ಕಾಲವಿಲ್ಲವೋ, ಅವನು ಅತಿಥಿ ಎಂಬುದು ಎರಡನೆಯದು. ಈ ಎರಡನೆಯ ಅರ್ಥವನ್ನು ನಾನು ಹತ್ತಾರು ಸಲ ಓದಿದ್ದೆ. ಸ್ವಾಧ್ಯಾಯದಲ್ಲಿ ಇತರರಿಗೆ ವಿವರಿಸಿಯೂ ಇದ್ದೆ. ಅದು ನನ್ನ ಅನುಭವಕ್ಕೆ ಬಂದದ್ದು 2018ರಲ್ಲಿ, ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ. ಅನುಭವಕ್ಕೆ ಬಂದದ್ದನ್ನು ನಾನು ಎಷ್ಟು ಬೇಗ ಮರೆತೆನೆಂಬುದು ತಿಳಿದದ್ದು 2020ರಲ್ಲಿ, ನನ್ನ ಅಂಗಡಿಯ ಬಾಗಿಲಲ್ಲಿ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ಲೇಖನವು ಆತ್ಮಪ್ರಶಂಸೆಯಾದೀತು.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ಮಹಾಮಸ್ತಕಾಭಿಷೇಕ ನಡೆಯಿತು. 7ರಂದು ಅಂದಿನ ರಾಷ್ಟ್ರಪತಿಗಳು ಮಹೋತ್ಸವವನ್ನು ಉದ್ಘಾಟಿಸಿದರು. 17ರಂದು ಮೊದಲ ಅಭಿಷೇಕ. ನಾವು ಐದು ಜನ ದಾವಣಗೆರೆಯಿಂದ ಪಾದಯಾತ್ರೆಯಲ್ಲಿ ಹೋಗುವುದೆಂದು ನಿಶ್ಚಯಿಸಿದೆವು. ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಹೊಳಲ್ಕೆರೆ, ಹೊಸದುರ್ಗ, ಕಡೂರು, ಬಾಣಾವರ, ಅರಸೀಕೆರೆ ಎಂದು ಕ್ರಮವಾಗಿ ತಂಗುದಾಣಗಳನ್ನು ಗೊತ್ತುಮಾಡಿ, ದಿನವೊಂದಕ್ಕೆ ಇಷ್ಟು ದೂರವೆಂದು ಕಾಗದದ ಮೇಲೆ ಮನೆ ಹಾಕಿ ಬರೆದವನು ನಾನೇ. 7ರಂದು ಹೊರಟು 16ರ ಸಂಜೆ ವಿಂಧ್ಯಗಿರಿಯ ಪಾದದಲ್ಲಿರಬೇಕು, 17ರಂದು ದರ್ಶನ. ವಾಹನ ಹತ್ತುವುದಿಲ್ಲವೆಂದು ಬಸದಿಯಲ್ಲಿ ನಿಯಮವನ್ನೂ ಸ್ವೀಕರಿಸಿದೆವು. ಆಗ ನನಗೆ ಐವತ್ತೆಂಟು ವರ್ಷ.

ನಾಲ್ಕನೆಯ ರಾತ್ರಿ ಹೊಸದುರ್ಗದಲ್ಲಿ ತಂಗಿದೆವು. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಲೆಕ್ಕಕ್ಕಿಂತ ಅರ್ಧ ದಿನ ಹಿಂದೆ ಬಿದ್ದಿದ್ದೆವು. ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಲು ಮರುದಿನ ಬೆಳಗಿನ ಜಾವ ಮೂರೂವರೆಗೇ ಹೊರಡಬೇಕೆಂದು ನಾನು ಹಟ ಹಿಡಿದೆ. ಸಂಗಡಿಗರೊಬ್ಬರು, "ಕತ್ತಲಲ್ಲಿ ನಡೆಯುವುದು ನಮ್ಮವರಿಗೆ ಸಲ್ಲದಲ್ಲ, ಬೆಳಕು ಹರಿಯಲಿ" ಎಂದರು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜೀವಜಂತುಗಳಿಗೆ ಹಿಂಸೆಯಾಗದಂತೆ, ಹಗಲಿನಲ್ಲಿಯೇ ನಡೆಯಬೇಕೆಂಬ ಈರ್ಯಾಸಮಿತಿ ಮುನಿಗಳಿಗೆ ಹೇಳಿದ್ದು, ನಾವು ಗೃಹಸ್ಥರು, ಕೈಯಲ್ಲಿ ಬ್ಯಾಟರಿ ಇದೆ ಎಂದು ನಾನು ವಾದಿಸಿದೆ. ಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವನಿಗೆ ತನಗೆ ಬೇಕಾದ ವಿನಾಯಿತಿಯನ್ನು ಹುಡುಕಿಕೊಳ್ಳುವುದು ಕಷ್ಟವಲ್ಲ.

ಹೊಸದುರ್ಗ ಬಿಟ್ಟು ಕಡೂರಿನ ದಾರಿ ಹಿಡಿದು ಒಂದು ಗಂಟೆಯಾಗಿರಬಹುದು. ಇದಿರಿನಿಂದ ಬಂದ ಲಾರಿಯ ಬೆಳಕು ಕಣ್ಣು ಕುಕ್ಕಿತು. ಪಕ್ಕಕ್ಕೆ ಸರಿದವನು ರಸ್ತೆಯಂಚಿನ ತಗ್ಗಿನಲ್ಲಿ ಬಲಗಾಲನ್ನಿಟ್ಟೆ. ಪಾದ ಹೊರಳಿತು. ಮೊದಲು ನೋವು ಅಷ್ಟಾಗಿ ಕಾಣಲಿಲ್ಲ. ಕುಂಟುತ್ತ, ನಡುನಡುವೆ ಕುಳಿತು ಏಳುತ್ತ, ಬಿಸಿಲೇರುವ ಹೊತ್ತಿಗೆ ಚೌಳಹಿರಿಯೂರನ್ನು ಮುಟ್ಟಿದೆವು. ನನ್ನ ಪಟ್ಟಿಯಲ್ಲಿ ಅದು ಹಾದುಹೋಗುವ ಊರು. ಅಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಆದರೆ ಕಾಲು ಕುಂಬಳಕಾಯಿಯಂತೆ ಊದಿ ಪಾದರಕ್ಷೆಯಿಂದ ಹೊರಬರದಂತಾಗಿತ್ತು. ರಸ್ತೆಗೆ ಸಮೀಪದ ಒಂದು ಮನೆಯ ಜಗಲಿಯ ಮೇಲೆ, ಯಾರನ್ನೂ ಕೇಳದೆ, ಕುಸಿದು ಕುಳಿತೆ.

ಒಳಗಿನಿಂದ ವೃದ್ಧೆಯೊಬ್ಬರು ಬಂದರು. ಯಾರು, ಯಾವ ಜನ ಎಂದು ಕೇಳಲಿಲ್ಲ. ಕಾಲನ್ನು ನೋಡಿ, "ಅಯ್ಯೋ, ಹಿಂಗೆ ಊದೈತಲ್ಲಪ್ಪ, ಈ ಕಾಲಲ್ಲಿ ನಡ್ಕಂಡು ಬಂದ್ಯಾ?" ಎಂದವರೇ ಒಳಗೆ ಹೋಗಿ ಬಿಸಿನೀರು ತಂದರು. ಹುಣಸೆಹಣ್ಣು, ಉಪ್ಪು ಕುದಿಸಿ ಪಟ್ಟು ಹಾಕಿದರು. ಅವರ ಮಗ, ಮನೆಯ ಯಜಮಾನರು, ತೋಟದಿಂದ ಬಂದು ನನ್ನನ್ನು ತಮ್ಮ ಬೈಕಿನಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವೆನೆಂದರು. ವಾಹನ ಹತ್ತುವುದಿಲ್ಲವೆಂಬ ನಿಯಮವನ್ನು ನಾನು ಹೇಳಿದಾಗ ಅವರು ನಗಲಿಲ್ಲ. ವೈದ್ಯರನ್ನೇ ಮನೆಗೆ ಕರೆತಂದರು. ಮೂಳೆ ಮುರಿದಿಲ್ಲ, ಆದರೆ ಮೂರು ದಿನ ಕಾಲೂರಬಾರದು ಎಂದು ವೈದ್ಯರು ಹೇಳಿದರು.

ಸಂಗಡಿಗರು ತಾವೂ ನಿಲ್ಲುವೆವೆಂದರು. ನಾನು ಒಪ್ಪದೆ ಮೂವರನ್ನು ಮುಂದೆ ಕಳುಹಿಸಿದೆ. ನನ್ನ ಸೋದರಳಿಯ ಮಾತ್ರ, "ಮಾವ, ನಿಮ್ಮನ್ನು ಬಿಟ್ಟು ಹೋದರೆ ಅತ್ತೆ ನನ್ನನ್ನು ಮನೆಗೆ ಸೇರಿಸುವುದಿಲ್ಲ" ಎಂದು ಉಳಿದುಕೊಂಡ. ಮನೆಗೆ ದೂರವಾಣಿ ಮಾಡಿದೆ. ನನ್ನಾಕೆಗೆ ಊರಿನ ಹೆಸರಿನ ಕಡೆಯ ಭಾಗವಷ್ಟೇ ಕೇಳಿಸಿ, "ಬೆಳಗೊಳಕ್ಕೆ ಹೊರಟವರು ಹಿರಿಯೂರಿಗೇಕೆ ಹೋದಿರಿ?" ಎಂದಳು. ಆ ಹಿರಿಯೂರು ಬೇರೆ, ಇದು ಚೌಳಹಿರಿಯೂರು ಎಂದು ತಿಳಿಹೇಳುವುದರಲ್ಲಿ ಸಾಕಾಯಿತು. ಕಡೂರಿನ ಕಡೆಯಿಂದ ಬರುವ ವೇದಾವತಿಯು ಹೊಸದುರ್ಗದ ಸೀಮೆಯನ್ನು ಹಾದು, ಮಾರಿಕಣಿವೆಯಲ್ಲಿ ತುಂಬಿ, ಮುಂದೆ ಆ ಹಿರಿಯೂರನ್ನು ಸೇರುತ್ತದೆ. ನಾವು ನದಿಗೆ ಇದಿರಾಗಿ ನಡೆದು ಬಂದಿದ್ದೆವು.

ಮೊದಲ ದಿನ ನನ್ನ ಮನಸ್ಸು ಕೆಟ್ಟಿತ್ತೆಂಬುದನ್ನು ಮುಚ್ಚಿಡಲಾರೆ. ಅದು ಉಪಕಾರಕ್ಕೆ ಕರಗಿದ ಮನಸ್ಸಾಗಿರಲಿಲ್ಲ; ಪಟ್ಟಿ ತಪ್ಪಿತೆಂಬ ಕೋಪವೇ ಅದರಲ್ಲಿ ತುಂಬಿತ್ತು. 17ರ ದರ್ಶನ ಕೈಬಿಟ್ಟಿತೆಂಬ ಸಂಕಟ, ಅದಕ್ಕಿಂತ ಹೆಚ್ಚಾಗಿ, ಉಳಿದ ಮೂವರು ತಲುಪಿ ನಾನು ತಲುಪದಿದ್ದರೆ ಸಮಾಜದಲ್ಲಿ ಏನೆಂದಾರು ಎಂಬ ಲಜ್ಜೆ. ನಾಲ್ಕು ದಿನ ನಡೆದ ಮೇಲೆ ನನ್ನಲ್ಲಿ ಕೂಡಿಬಂದದ್ದು ಪುಣ್ಯಕ್ಕಿಂತ ಮಾನಕಷಾಯವೇ ಹೆಚ್ಚೆಂದು ಜಗಲಿಯ ಮೇಲೆ ಕುಳಿತಾಗ ಕಂಡುಬಂತು. ನಡೆಯುತ್ತಿದ್ದಾಗ ಅದನ್ನು ನೋಡಲು ಪುರಸೊತ್ತಿರಲಿಲ್ಲ.

ಊಟದ ಪ್ರಶ್ನೆ ಬಂದಿತು. ಸೂರ್ಯಾಸ್ತಕ್ಕೆ ಮುನ್ನ ಉಣ್ಣಬೇಕು, ಈರುಳ್ಳಿ ಬೆಳ್ಳುಳ್ಳಿ ಆಗದು, ಗೆಡ್ಡೆಗೆಣಸು ಆಗದು, ನೀರು ಬಟ್ಟೆಯಲ್ಲಿ ಸೋಸಿರಬೇಕು ಎಂದು ಸೋದರಳಿಯ ಸಂಕೋಚದಿಂದ ಹೇಳಿದ. ಅದು ಈರುಳ್ಳಿ ಬೆಳೆಯುವ ಸೀಮೆ. ಆ ತಾಯಿ ಸ್ವಲ್ಪ ಯೋಚಿಸಿ, "ಹುಳ್ಳಿಕಾಳು ಆಗ್ತೈತಾ?" ಎಂದರು. ಆಗುತ್ತದೆ ಎಂದೆವು. ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಕಾಯಿಚಟ್ನಿ. ನೀರು ಸೋಸಲು ಪೆಟ್ಟಿಗೆಯಿಂದ ಹೊಸ ಬಿಳಿಬಟ್ಟೆ ತೆಗೆದುಕೊಟ್ಟರು. ಸುತ್ತಿನ ತೋಟಗಳಲ್ಲಿ ಹಿಂದಿನ ವರ್ಷಗಳ ಬರಕ್ಕೆ ಸುಳಿ ಒಣಗಿದ ತೆಂಗಿನ ಮರಗಳು ಕಂಬಗಳಂತೆ ನಿಂತಿದ್ದವು. ಮನೆಯವರ ಕೊಳವೆಬಾವಿ ಬತ್ತಿ, ನೀರನ್ನು ದೂರದಿಂದ ತರುತ್ತಿದ್ದರು. ಆ ನೀರನ್ನು ನನ್ನ ಕಾಲಿಗೆಂದು ದಿನಕ್ಕೆ ಎರಡು ಸಲ ಕಾಯಿಸುತ್ತಿದ್ದರು.

13ನೆಯ ತಾರೀಖು ಮಹಾಶಿವರಾತ್ರಿ. ಅವರು ಶಿವಭಕ್ತರು. ಮನೆಮಂದಿಗೆಲ್ಲ ಹಗಲೆಲ್ಲ ಉಪವಾಸ, ರಾತ್ರಿ ಜಾಗರಣೆ. ಅಂದು ಬೆಳಿಗ್ಗೆಯೇ ನಾನು, "ಅಮ್ಮ, ಇವತ್ತು ನಮಗೂ ಉಪವಾಸವಿರಲಿ, ಒಲೆ ಹಚ್ಚಬೇಡಿ" ಎಂದೆ. ಆಕೆ, "ನಿಮ್ಮ ಹಬ್ಬ ಅಲ್ವಲ್ಲಪ್ಪ ಇದು. ಔಷ್ದಿ ನುಂಗೋನು ಹಸ್ಕಂಡಿರಬಾರದು" ಎಂದು ಒಲೆಯ ಮುಂದೆ ಕುಳಿತರು. ತಾವು ತುಟಿಗೆ ನೀರು ಸೋಕಿಸದ ದಿನ ಎಂಬತ್ತರ ಸಮೀಪದ ಆ ಹೆಣ್ಣುಮಗಳು ಹೊಗೆಯಲ್ಲಿ ಕುಳಿತು ಅನ್ಯಮತದ ಇಬ್ಬರು ಅಪರಿಚಿತರಿಗೆ, ಅವರ ವ್ರತಕ್ಕೆ ತಕ್ಕಂತೆ, ಹೊತ್ತು ಮುಳುಗುವ ಮುನ್ನ ಅಡಿಗೆ ಮಾಡಿ ಬಡಿಸಿದರು. ತನ್ನ ವ್ರತವನ್ನು ತಾನು ಬಿಡದೆ ಇತರರ ವ್ರತವನ್ನೂ ಬಿಡಗೊಡದಿರುವುದು ಎಷ್ಟು ದೊಡ್ಡ ಮಾತು! ನಾನು ಅನೇಕ ಆಹಾರದಾನಗಳನ್ನು ಮಾಡಿದ್ದೇನೆ, ನೋಡಿದ್ದೇನೆ. ಅಂದಿನ ತುತ್ತು ಗಂಟಲಿನಲ್ಲಿ ಇಳಿಯುವಾಗ ನನಗೆ ಆ ಎಲ್ಲ ದಾನಗಳೂ ಸಣ್ಣವಾಗಿ ಕಂಡವು. ಅವೆಲ್ಲಕ್ಕೂ ತಿಥಿಯಿತ್ತು. ಈಕೆಗೆ ನಾನು ತಿಥಿಯಿಲ್ಲದೆ ಬಂದವನು.

14ರ ಬೆಳಿಗ್ಗೆ, ಈ ಬಾರಿ ಬೆಳಕು ಚೆನ್ನಾಗಿ ಹರಿದ ಮೇಲೆ, ಕೋಲೂರಿಕೊಂಡು ಹೊರಟೆ. ಯಜಮಾನರ ಕೈಗೆ ಹಣವಿಡಲು ಹೋದೆ. ಅವರು ಕೈಯನ್ನು ಹಿಂದಕ್ಕೆಳೆದುಕೊಂಡು, "ಸಾಹುಕಾರ್ರೇ, ಕೊಬ್ರಿ ತಗಂಡು ಪ್ಯಾಟೆಗೆ ಬತ್ತೀವಲ್ಲ, ಅಲ್ಲಿ ಕಾಸು ಎಣಿಸಿ ಇಸ್ಕಂತೀವಿ. ಮನೆಗೆ ಬಂದೋರ ತಾವ ಹೆಂಗೆ ಇಸ್ಕಳಾದು?" ಎಂದರು. ಪೇಟೆಯವನಾದ ನನಗೆ ಉತ್ತರ ತೋಚಲಿಲ್ಲ.

ಬಿ.ಕಾಂ. ತರಗತಿಯ ಮೊದಲ ಪಾಠದಲ್ಲಿಯೇ ನಾವು ಕಲಿತದ್ದು, ಪಡೆದವನಿಗೆ ಖರ್ಚು, ಕೊಟ್ಟವನಿಗೆ ಜಮಾ ಎಂಬ ಸೂತ್ರ. ಊರಿಗೆ ಮರಳಿದ ಮೇಲೆ ನನ್ನ ಸ್ವಂತ ಖಾತೆಯ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆದು, ತಲೆಬರಹದಲ್ಲಿ ಚೌಳಹಿರಿಯೂರು ಎಂದು ಬರೆದು, ಜಮಾ ಕಡೆಗೆ "ಮೂರು ರಾತ್ರಿ, ಇಬ್ಬರು" ಎಂದು ನಮೂದಿಸಿದೆ. ಮೊತ್ತದ ಅಂಕಣವನ್ನು ಖಾಲಿ ಬಿಟ್ಟೆ.

ಶ್ರವಣಬೆಳಗೊಳವನ್ನು ತಲುಪಿದ್ದು 19ರಂದು. ದಾರಿಯಲ್ಲಿ ಅರಸೀಕೆರೆಯಲ್ಲಿ, 1220ರಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯದಲ್ಲಿ ಅವಸರವಿಲ್ಲದೆ ಅರ್ಧ ದಿನ ಕುಳಿತೆ. ಮೂಲ ಪಟ್ಟಿಯಲ್ಲಿ ಅದಕ್ಕೆ ಹದಿನೈದು ನಿಮಿಷವಿತ್ತು. ಬೆಟ್ಟವನ್ನು ಒಂದೊಂದೇ ಮೆಟ್ಟಿಲಾಗಿ ಹತ್ತಿ, 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಆ ಮೂರ್ತಿಯ ಮುಂದೆ ನಿಂತಾಗ, ತೊಡೆಗೆ ಬಳ್ಳಿ ಹಬ್ಬುವವರೆಗೆ ಒಂದೆಡೆ ನಿಂತವನನ್ನು ಕಾಣಲು ನಾನು ಎಷ್ಟು ಓಡಿಬಂದೆನಲ್ಲ ಎಂದು ನಾಚಿಕೆಯಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಯಾತ್ರಾಕಥನವಾಗುತ್ತಿತ್ತು. ಆದರೆ ಖಾತೆಯ ಪುಟ ತೆರೆದಿತ್ತು.

2020ರ ಮಾರ್ಚ್ 25ರಿಂದ ಕೊರೋನಾ ನಿಮಿತ್ತ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಯಾಯಿತು. ಬಸ್ಸು ರೈಲುಗಳು ನಿಂತವು. ನಮ್ಮದು ದವಸಧಾನ್ಯದ ವ್ಯಾಪಾರವಾದ್ದರಿಂದ ದಿನಕ್ಕೆ ಕೆಲವು ಗಂಟೆ ಅಂಗಡಿ ತೆರೆಯಲು ಅನುಮತಿಯಿತ್ತು. ಆ ವಾರದ ಒಂದು ಸಂಜೆ, ಬಾಗಿಲು ಮುಚ್ಚಿ ಒಳಗೆ ಲೆಕ್ಕ ನೋಡುತ್ತಿದ್ದೆ. ಹೊರಗೆ ಮಾತು ಕೇಳಿಸಿತು. ಕಿಟಕಿಯಿಂದ ನೋಡಿದರೆ ಏಳು ಜನ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದು ಉತ್ತರದ ತಮ್ಮ ಊರಿಗೆ ನಡೆದುಹೋಗುತ್ತಿದ್ದ ಸಂಸಾರಗಳು. ಒಬ್ಬ ಹುಡುಗನ ಕಾಲಿಗೆ ಚಿಂದಿ ಸುತ್ತಿದ್ದರು. ಅವರಲ್ಲಿ ಹಿರಿಯನಾದವನು, "ಅಣ್ಣಾ, ಈ ರಾತ್ರಿ ಜಗಲಿ ಮ್ಯಾಗ ಮಲಗತೀವ್ರಿ. ಹುಡುಗನ ಕಾಲು ನಡೆಯಂಗಿಲ್ಲ" ಎಂದ.

ನಾನು ಕಿಟಕಿಯ ಸರಳಿನ ಹಿಂದಿನಿಂದ ಹೇಳಿದ ಮಾತು ಇದು: "ಇದು ನಮ್ಮ ಜಾಗವಲ್ಲಪ್ಪ. ಮಾಲೀಕರು ಊರಲ್ಲಿಲ್ಲ."

ಅವರು ವಾದಿಸಲಿಲ್ಲ. ಹುಡುಗನನ್ನು ಒಬ್ಬ ಹೆಗಲಿಗೇರಿಸಿಕೊಂಡ. ಹೊರಟುಹೋದರು. ನಾನು ಮತ್ತೆ ಲೆಕ್ಕಕ್ಕೆ ಕುಳಿತೆ. ಒಂದು ಕೂಡಿಕೆಯೂ ಸರಿಬರಲಿಲ್ಲ. ಚಿಂದಿ ಸುತ್ತಿದ ಆ ಕಾಲು ಬಲಗಾಲು ಎಂಬುದು ನೆನಪಾದದ್ದು ರಾತ್ರಿ ಮಲಗಿದ ಮೇಲೆ. ಬೆಳಕು ಹರಿದೊಡನೆ ಸ್ಕೂಟರಿನಲ್ಲಿ ಹರಿಹರದ ದಾರಿಯಲ್ಲಿ ಬಹುದೂರ ಹುಡುಕಿದೆ. ಸಿಗಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೂರನೆಯದು ಪರವ್ಯಪದೇಶ. ಇದಕ್ಕೆ ವ್ಯಾಖ್ಯಾನಕಾರರು ಹೇಳುವ ಅರ್ಥಗಳು ಒಂದಕ್ಕಿಂತ ಹೆಚ್ಚು. ಕೊಡುವ ಮನಸ್ಸಿಲ್ಲದೆ "ಇದು ಪರರದು" ಎನ್ನುವುದು ಅವುಗಳಲ್ಲೊಂದು. ಇಂಥ ಸಣ್ಣ ಕುಯುಕ್ತಿಯನ್ನೂ ಸೂತ್ರಕಾರರು ಏಕೆ ಎಣಿಸಿದರೋ ಎಂದು ಸ್ವಾಧ್ಯಾಯದಲ್ಲಿ ಒಮ್ಮೆ ನಾನೇ ನಕ್ಕಿದ್ದೆ. ಎಷ್ಟೋ ಶತಮಾನಗಳ ಹಿಂದೆಯೇ ಅವರು ನನ್ನ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡಂತಿದೆ.

ಇಲ್ಲಿ ವಿದ್ವಾಂಸರು ಒಂದು ಆಕ್ಷೇಪವನ್ನೆತ್ತಬಹುದು. ಶಾಸ್ತ್ರದಲ್ಲಿ ಅತಿಥಿಯೆಂದರೆ ಮುಖ್ಯವಾಗಿ ಸಂಯಮಿಯಾದ ಪಾತ್ರ; ದಾರಿಹೋಕರಾದ ಕೂಲಿಯವರಿಗೆ ಮಾಡುವುದು ಆ ವ್ರತದಲ್ಲಿ ಸೇರದು, ಅದು ಕರುಣಾದಾನ ಎಂದು. ಸರಿಯಾದ ಮಾತು. ಜಿನಸೇನಾಚಾರ್ಯರೂ ಆದಿಪುರಾಣದಲ್ಲಿ ಪಾತ್ರದತ್ತಿಯನ್ನೂ ದಯಾದತ್ತಿಯನ್ನೂ ಬೇರೆಬೇರೆಯಾಗಿಯೇ ಹೇಳಿದ್ದಾರೆ. ಆದರೆ ಬೇರೆಯಾಗಿ ಹೇಳಿದ್ದು ಎರಡನ್ನೂ ಮಾಡಲೆಂದು. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳಲೆಂದಲ್ಲ. ನಾನೂ ಆ ಜಗಲಿಯ ಮೇಲೆ ಕುಳಿತಾಗ ಸಂಯಮಿಯಾಗಿರಲಿಲ್ಲ. ಕೋಪದಿಂದ, ಮಾನದಿಂದ ತುಂಬಿದ ಕುಂಟನಾಗಿದ್ದೆ. ಆ ತಾಯಿ ಪಾತ್ರಾಪಾತ್ರ ವಿಚಾರ ಮಾಡಿದ್ದರೆ ನನಗೆ ಬಿಸಿನೀರು ಸಿಗುತ್ತಿರಲಿಲ್ಲ.

ಇನ್ನೊಂದು ಸಮಾಧಾನವನ್ನು ನನ್ನ ಮನಸ್ಸೇ ಹೇಳಿಕೊಂಡಿತು. ರೋಗದ ಭಯವಿತ್ತಲ್ಲ, ಮನೆಯಲ್ಲಿ ವಯಸ್ಸಾದವರಿದ್ದರಲ್ಲ, ದೂರವಿರಬೇಕೆಂಬ ಸರ್ಕಾರದ ಆಜ್ಞೆಯಿತ್ತಲ್ಲ ಎಂದು. ಭಯ ನಿಜವೇ. ಆದರೆ ಭಯಪಟ್ಟವನು "ನನಗೆ ಭಯವಾಗುತ್ತಿದೆ, ದೂರ ಕುಳಿತುಕೊಳ್ಳಿ, ಹಿತ್ತಲಿನ ಗೋದಾಮು ಖಾಲಿಯಿದೆ" ಎನ್ನಬಹುದಿತ್ತು. ಒಂದು ಕೊಡ ನೀರು, ಒಂದಿಷ್ಟು ಅಕ್ಕಿಯನ್ನು ಬಾಗಿಲಲ್ಲಿಟ್ಟು ಹಿಂದೆ ಸರಿಯಬಹುದಿತ್ತು. ಭಯ ನನ್ನಿಂದ ಸುಳ್ಳನ್ನು ಹೇಳಿಸಬೇಕಾಗಿರಲಿಲ್ಲ. ಆ ಒಂದು ವಾಕ್ಯದಲ್ಲಿ ಸತ್ಯಾಣುವ್ರತವೂ ಹೋಯಿತು, ದಯೆಯೂ ಹೋಯಿತು.

ಮರುದಿನದಿಂದ ಗೋದಾಮನ್ನು ತೆರೆದೆ. ಸಂಬಂಧಪಟ್ಟವರಿಗೆ ತಿಳಿಸಿ, ಮೇ ತಿಂಗಳವರೆಗೆ ನಡೆದುಬಂದವರಿಗೆ ಊಟ, ನೀರು, ಮಲಗಲು ಚಾಪೆ ಕೊಟ್ಟೆವು. ಬಂಧುಗಳು ಹೊಗಳಿದರು. ಆದರೆ ವರ್ತಕನಿಗೆ ಒಂದು ವಿಷಯ ಗೊತ್ತು: ಒಬ್ಬನಿಗೆ ಸಲ್ಲಿಸಿದ್ದನ್ನು ಇನ್ನೊಬ್ಬನ ಖಾತೆಗೆ ಬರೆಯಲು ಬರುವುದಿಲ್ಲ. ಆ ಏಳು ಜನರ ಪುಟ ಹಾಗೆಯೇ ಇದೆ.

2022ರಲ್ಲಿ ಕಡೂರಿಗೆ ಹೋಗಬೇಕಾಗಿ ಬಂದಾಗ ಚೌಳಹಿರಿಯೂರಿನಲ್ಲಿ ಬಸ್ಸಿಳಿದೆ. ವೃದ್ಧೆ ಜಗಲಿಯಲ್ಲಿದ್ದರು, ಗುರುತು ಹಿಡಿಯಲಿಲ್ಲ, ಆದರೂ ಕೂರಲು ಹೇಳಿದರು. ಯಜಮಾನರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನನ್ನು ಜರಿಯುವರೆಂದೋ ಸಂತೈಸುವರೆಂದೋ ನಿರೀಕ್ಷಿಸಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಆವಾಗ ಈ ಕಡೆ ಹಳ್ಳಿಗಳಲ್ಲೂ ದಾರಿಗೆ ಮುಳ್ಳು ಹಾಕಿದ್ರು ಸಾಹುಕಾರ್ರೇ. ನಾನೂ ಎರಡು ದಿನ ಕಾವಲು ಕುಂತಿದ್ದೆ. ಯಾರ್ಯಾರು ಬಂದು ಹಿಂದಕ್ಕೆ ಹೋದ್ರೋ ಗೊತ್ತಿಲ್ಲ" ಎಂದರು. ಇಬ್ಬರೂ ಮಾತಾಡಲಿಲ್ಲ. ಒಳಗಿನಿಂದ ಮಜ್ಜಿಗೆ ಬಂತು.

ಅಂದು ನನಗೆ ತಿಳಿದದ್ದು ಇಷ್ಟು. ಉಪಕಾರವೆಂಬುದು ಒಬ್ಬರಲ್ಲಿ ಕೂಡಿಟ್ಟ ದಾಸ್ತಾನಲ್ಲ. ನಿನ್ನೆ ಬಾಗಿಲು ತೆರೆದವನು ಇಂದೂ ತೆರೆಯುವನೆಂಬ ಭರವಸೆಯಿಲ್ಲ. ನಿನ್ನೆ ಜಗಲಿಯ ಮೇಲೆ ಕುಳಿತವನು ಇಂದು ಕಿಟಕಿಯ ಹಿಂದೆ ನಿಂತಿರಬಹುದು. ಅತಿಥಿ ಪ್ರತಿಸಲವೂ ತಿಥಿಯಿಲ್ಲದೆಯೇ ಬರುತ್ತಾನೆ. ನಾವು ದಣಿದಿರುವಾಗ, ಹೆದರಿರುವಾಗ, ಲೆಕ್ಕ ನೋಡುತ್ತಿರುವಾಗ ಬರುತ್ತಾನೆ. ಆದ್ದರಿಂದಲೇ ನಮ್ಮ ಆಚಾರ್ಯರು ಇದನ್ನು ಶಿಕ್ಷಾವ್ರತವೆಂದರು. ಶಿಕ್ಷೆಯೆಂದರೆ ಅಭ್ಯಾಸ. ಒಮ್ಮೆ ಕಲಿತು ಮುಗಿಸುವ ಪಾಠ ಅದಲ್ಲ.

ದಶಲಕ್ಷಣ ಪರ್ವದ ಕಡೆಗೆ ಕ್ಷಮಾವಣಿಯ ದಿನ ನಾವು ಬಂಧುಮಿತ್ರರಿಗೆ, ವ್ಯಾಪಾರದವರಿಗೆ, ಅಚ್ಚುಹಾಕಿಸಿದ ಪತ್ರಗಳನ್ನು ಕಳುಹಿಸುತ್ತೇವೆ. ವಿಳಾಸವಿದ್ದವರಲ್ಲಿ ಕ್ಷಮೆ ಬೇಡುವುದು ಸುಲಭ. ಆ ಏಳು ಜನರ ವಿಳಾಸ ನನಗೆ ಗೊತ್ತಿಲ್ಲ. ಹೆಸರನ್ನೂ ನಾನು ಕೇಳಲಿಲ್ಲ. ಅಂಗಡಿಯ ಜಗಲಿಯ ಮೇಲೆ ಈಗ ಒಂದು ಉದ್ದದ ಬೆಂಚು, ನೀರಿನ ಮಡಕೆ, ರಾತ್ರಿಯಿಡೀ ಉರಿಯುವ ಒಂದು ದೀಪ ಇವೆ. ಇದು ಪ್ರಾಯಶ್ಚಿತ್ತವೆಂದು ನಾನು ಹೇಳಿಕೊಳ್ಳುವುದಿಲ್ಲ. ಮಾಲೀಕರು ಊರಲ್ಲಿದ್ದಾರೆ ಎಂದು ದಾರಿಯಲ್ಲಿ ಹೋಗುವವರಿಗೆ ತಿಳಿದಿರಲಿ ಎಂದಷ್ಟೇ.